ಮುಟ್ಟಿದರೆ ಸಾಕು

ಜುಲೈ ೧, ಮಂಗಳವಾರ. ಕುಚಿಂಗ್

ಈ ಪುಸ್ತಕ ನಾನಾಗಿ ಶುರುಮಾಡಿದ್ದಲ್ಲ, ಡಾಕ್ಟರು ಕೊಟ್ಟದ್ದು. ದಿನವೂ ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ಮನಸ್ಸಿಗೆ ಹೇಗನ್ನಿಸಿತು, ಈ ಮೂರನ್ನೂ ಬರೆದು ತಿಂಗಳ ಕೊನೆಗೆ ತಂದು ತೋರಿಸಬೇಕಂತೆ. ಡಾಕ್ಟರೆಂದರೆ ಹೊರಗಿನವಳೇನೂ ಅಲ್ಲ, ಎಂಟನೇ ತರಗತಿಯಲ್ಲಿ ನನ್ನ ಹತ್ತಿರವೇ ವಿಜ್ಞಾನ ಕಲಿತ ಹುಡುಗಿ. ಎಲೆಯ ಅಡ್ಡಸೀಳಿಕೆ ಬಿಡಿಸು ಎಂದರೆ ಮನೆಯ ಮುಂದಿನ ತೋಟ ಬಿಡಿಸಿದವಳು. ಈಗ ಅವಳು ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ.

ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಊಟ ತಪ್ಪಿಸಬಾರದು, ತಲೆ ತಿರುಗಿದರೆ ಬಾಯಿಗೆ ಹಾಕಿಕೊಳ್ಳುವುದಕ್ಕೆ ಜೇಬಿನಲ್ಲಿ ಸದಾ ಎರಡು ಮಿಠಾಯಿ ಇರಲಿ ಎಂದಳು. ಸಕ್ಕರೆ ಕಾಯಿಲೆಯವಳ ಜೇಬಿನಲ್ಲಿ ಮಿಠಾಯಿ. ಅಡ್ಡಸೀಳಿಕೆ ಬಾರದವಳು ಇನ್ನೇನು ಹೇಳಿಯಾಳು. ತಲೆಯಾಡಿಸಿ ಎದ್ದು ಬಂದೆ.

ಕಾಯಿಲೆ ಗೊತ್ತಾದದ್ದು ಮೇ ತಿಂಗಳಲ್ಲಿ. ಯಾರಿಗೂ ಹೇಳಿಲ್ಲ. ನಮ್ಮ ಅವ್ವನಿಗೂ ಇದೇ ಇತ್ತು. ಮೊದಲು ಒಂದು ಬೆರಳು ಹೋಯಿತು, ಆಮೇಲೆ ಪಾದ. ಊರಿನವರೆಲ್ಲ ಒಂದೇ ಸೂರಿನಡಿ ಇರುವ ನಮ್ಮ ಉದ್ದಮನೆಯ ಸಾಲು ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಿದ್ದೆವು. ನೋಡಲು ಬಂದವರೆಲ್ಲ ಮೊದಲು ಅವಳ ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ನನ್ನನ್ನು ಯಾರೂ ಹಾಗೆ ನೋಡುವುದು ಬೇಡ. ನನಗೆ ಹೆದರಿಕೆ. ಇಲ್ಲಿ ಬರೆದುಕೊಳ್ಳುವುದಕ್ಕೇನು ಅಡ್ಡಿ.

ಊಟ: ಬೇಯಿಸಿದ ಮೊಟ್ಟೆ ಎರಡು, ಕೆಂಪಕ್ಕಿ ಅನ್ನ, ಬೇಲಿಯ ಸೊಪ್ಪು. ಹೇಗನ್ನಿಸಿತು: ಅನ್ವಯಿಸುವುದಿಲ್ಲ.

ಜುಲೈ ೬, ಭಾನುವಾರ

ಮಂಗಳವಾರ ಹೊರಡುವುದು ಗಟ್ಟಿಯಾಯಿತು. ಹದಿನಾರನೇ ವಯಸ್ಸಿನಲ್ಲಿ ಹಾಸ್ಟೆಲಿನ ಗೋಡೆಯ ನಕಾಶೆ ನೋಡುತ್ತಾ ಜಲೀಪಾ, ಮೊಯ್ ಫಾ, ನಾನು, ಮೂವರೂ ಆಣೆ ಇಟ್ಟಿದ್ದೆವು: ಭೂಪಟದ ಮೂಗಿನ ತುದಿಯಲ್ಲಿರುವ ದೀಪಸ್ತಂಭಕ್ಕೆ ಒಂದಲ್ಲ ಒಂದು ದಿನ ಕಾಡು, ಕಡಲ ದಂಡೆ ಹಿಡಿದು ನಡೆದೇ ಹೋಗುವುದು. ಆ ಒಂದು ದಿನ ಬರುವುದಕ್ಕೆ ನಲವತ್ತು ವರ್ಷ ಹಿಡಿಯಿತು. ನಡುವೆ ಮದುವೆ, ಬಾಣಂತನ, ವರ್ಗಾವಣೆ, ಇಬ್ಬರ ಗಂಡಂದಿರು ತೀರಿಕೊಂಡದ್ದು, ಎಲ್ಲ ಆದವು.

ಇವತ್ತು ಮೊಯ್ ಫಾಳ ಅಂಗಡಿಯಲ್ಲಿ ಬೆನ್ನುಚೀಲಗಳನ್ನು ತೂಗಿದೆವು. ಮೊಯ್ ಫಾ ಮಾರುವುದು ಮೊಳೆ, ಕೊಳಾಯಿ, ಬಣ್ಣ. ಅವಳ ಚೀಲದಲ್ಲಿ ಅಂಗಡಿಯ ಕಾಲುಭಾಗ ಇದೆ: ಹಗ್ಗ ಮೂರು ಬಗೆ, ಟಾರ್ಪಾಲು, ಸುತ್ತಿಗೆ, ಜೊತೆಗೆ ಒಂದು ಬೀಗ. ಕಾಡಿಗೆ ಬೀಗ ಯಾಕೆ ಎಂದರೆ, ಇದ್ದರೆ ಒಳ್ಳೆಯದಲ್ಲವೇ ಎನ್ನುತ್ತಾಳೆ.

ಜಲೀಪಾಳ ಚೀಲ ಎಲ್ಲಕ್ಕಿಂತ ಭಾರ. ಅಡುಗೆಯ ಪಾತ್ರೆಗಳೆಲ್ಲ ಅವಳವೇ. ಅದು ಸರಿ, ಹಂದಿ ಅವಳಿಗೆ ಹರಾಮು, ಹಂದಿ ಮುಟ್ಟದ ಪಾತ್ರೆ ನಮ್ಮಿಬ್ಬರ ಮನೆಯಿಂದ ಎಲ್ಲಿ ತರುವುದು. ಆದರೆ ತಳದಲ್ಲಿ ತಗಡಿನ ದೊಡ್ಡ ಡಬ್ಬಿ. ಅದರೊಳಗೆ ಪದರದ ಕೇಕು, ಮೂರು ಕಿಲೋ. ಜಲೀಪಾಳ ಈ ಕೇಕಿಗೆ ಇಡೀ ಊರಿನಲ್ಲೇ ಹೆಸರು. ಹದಿನೆಂಟು ಪದರ, ಒಂದೊಂದು ಪದರವನ್ನೂ ಬೇರೆ ಬೇರೆ ಬೇಯಿಸಬೇಕು, ಐದು ಗಂಟೆ ಒಲೆಯ ಮುಂದೆ ನಿಂತಿರಬೇಕು.

ಡಬ್ಬಿ ತೋರಿಸುವಾಗ ನನ್ನ ಮುಖ ನೋಡಲಿಲ್ಲ. ಮೇ ಕೊನೆಗೆ ಅವಳ ಮಗಳ ಮದುವೆಯಲ್ಲಿ ನಾನು ಕೇಕು ಮುಟ್ಟದೆ ಎದ್ದುಬಂದೆ. ಹಲ್ಲುನೋವು ಎಂದಿದ್ದೆ. ಅವತ್ತಿನಿಂದ ನನ್ನ ಜೊತೆ ಕಚೇರಿಯ ಪತ್ರ ಓದಿದ ಹಾಗೆ ಮಾತಾಡುತ್ತಾಳೆ.

ಮಾತ್ರೆಗಳನ್ನು ಹಳೆಯ ಮುಲಾಮಿನ ಡಬ್ಬಿಯಲ್ಲಿ ಹಾಕಿದೆ. ರಕ್ತ ನೋಡುವ ಯಂತ್ರ ಮನೆಯಲ್ಲೇ ಇರಲಿ, ಕಂಡರೆ ಕೇಳುತ್ತಾರೆ. ಸಕ್ಕರೆ ಇಲ್ಲದ ಓಟ್ಸ್ ಬಿಸ್ಕತ್ತು ನಾಲ್ಕು ಪೊಟ್ಟಣ, ನನ್ನ ರಕ್ಷಣೆಗೆ. ಮಿಠಾಯಿ ಇಟ್ಟುಕೊಳ್ಳಲಿಲ್ಲ. ನಾನು ನನ್ನ ಮಾತಿನ ಮೇಲೆ ನಿಲ್ಲುವವಳು.

ಜುಲೈ ೮, ಮಂಗಳವಾರ. ತೆಲೊಕ್ ಬೆಲಿಯಾಂಗ್

ವ್ಯಾನು ನಮ್ಮನ್ನು ಮೀನುಗಾರರ ಈ ಊರಿನಲ್ಲಿ ಇಳಿಸಿ ಹೋಯಿತು. ನಾಳೆಯಿಂದ ನಡಿಗೆ. ಇವತ್ತು ಮಕ್ ಸು ಎಂಬ ಮುದುಕಿಯ ಮನೆಯಲ್ಲಿ ಉಳಿದಿದ್ದೇವೆ. ಅಂಗಳದಲ್ಲಿ ಕೊಪ್ಪರಿಗೆಯಷ್ಟು ದೊಡ್ಡ ಬಾಣಲೆ, ಅದರಲ್ಲಿ ಜೌಗಿನ ನಿಪಾ ತಾಳೆಯ ಬೆಲ್ಲ ಕುದಿಯುತ್ತಿತ್ತು. ಆ ವಾಸನೆ ಹಿಡಿದು ಬಾಣಲೆಯ ಹತ್ತಿರವೇ ಹೋಗಿ ನಿಂತೆ. ಚಿಕ್ಕವಳಿದ್ದಾಗ ಬಿಸಿ ಅನ್ನದ ಮೇಲೆ ಅದನ್ನು ಸುರಿದುಕೊಂಡು ತಿನ್ನುತ್ತಿದ್ದೆ.

ಮಕ್ ಸು ಮರದ ಸೌಟಿನಲ್ಲಿ ಎತ್ತಿ ನಮ್ಮೆದುರು ಹಿಡಿದಳು. ಜಲೀಪಾ ಬಟ್ಟಲು ಒಡ್ಡಿ ಕುಡಿದೇ ಬಿಟ್ಟಳು. ಮೊಯ್ ಫಾ ಎಂದಿನಂತೆ ತುದಿ ಬೆರಳು ಅದ್ದಿ ತುಟಿಗೆ ಒತ್ತಿಕೊಂಡು, ಆಹಾ ಎಂದು ಕಣ್ಣು ಮುಚ್ಚಿ, ತನ್ನ ಬಿಸಿನೀರಿನ ಫ್ಲಾಸ್ಕ್ ತೆಗೆದಳು. ನಾನು ಬೇಡ ಎಂದೆ. ಬಟ್ಟಲು ಮುಟ್ಟಲೂ ಇಲ್ಲ.

ಮಕ್ ಸು ಸೌಟು ಇಳಿಸಲೇ ಇಲ್ಲ. "ಮಗಳೇ, ತಿನ್ನದಿದ್ರೆ ಬೇಡ. ಬೆರಳಾದ್ರೂ ಮುಟ್ಟಿಸು. ಕಾಡಿಗೆ ಹೋಗೋಳು ನೀನು."

ನಮ್ಮ ಕಡೆ ಹುಟ್ಟಿದ ಮಗುವಿಗೂ ಇದು ಗೊತ್ತು. ಎದುರಿಗೆ ಬಂದ ತಿನಿಸನ್ನು ಮುಟ್ಟದೆ ಹೊರಟರೆ ಪುನಿ ಎಂಬ ಕೇಡು ಬೆನ್ನು ಹತ್ತುತ್ತದೆ: ಹಾವು, ಮೊಸಳೆ, ಜಾರುವ ಕಲ್ಲು, ಯಾವ ರೂಪದಲ್ಲಾದರೂ ಬಂದೀತು. ನೂಡಲ್ಸ್ ಬೇಡವೆಂದು ಬೈಕು ಹತ್ತಿ ಕಾಲು ಮುರಿದುಕೊಂಡ ಭಾವಮೈದ ಪ್ರತಿಯೊಂದು ಮನೆಯಲ್ಲೂ ಒಬ್ಬ ಇರುತ್ತಾನೆ. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಒಂದೇ: ಮೊಸಳೆಗೆ ನೀವು ಏನು ತಿಂದಿರಿ ಎಂಬುದು ಗೊತ್ತಾಗುವುದಿಲ್ಲ, ಅದಕ್ಕೆ ತಾನು ಏನು ತಿನ್ನಬೇಕು ಎಂಬ ಯೋಚನೆ ಮಾತ್ರ.

ಇದನ್ನೇ ಮಕ್ ಸುಗೂ ಹೇಳಿದೆ. ಹೇಳಬಾರದಿತ್ತೇನೋ. ಅವಳು ಸೌಟನ್ನು ಬಾಣಲೆಗೆ ಬಿಟ್ಟು ಒಳಗೆ ಹೋದಳು.

ನಿಜ ಬರೆಯುವುದಾದರೆ ಮೊಸಳೆಯ ಮಾತು ನೆಪ. ಮುಟ್ಟಿದ ಬೆರಳು ಬಾಯಿಗೆ ಹೋಗುತ್ತದೆ, ಬಾಯಿಗೆ ಹೋದರೆ ಬಟ್ಟಲು ಕೇಳುತ್ತದೆ. ನನಗೆ ನನ್ನ ಬೆರಳಿನ ಬುದ್ಧಿ ಗೊತ್ತು.

ಊಟ: ಅನ್ನ ಸ್ವಲ್ಪ, ಸುಟ್ಟ ಮೀನು. ಹೇಗನ್ನಿಸಿತು: ಅನ್ವಯಿಸುವುದಿಲ್ಲ.

ಜುಲೈ ೯, ಬುಧವಾರ. ಎರಡನೇ ಕೊಲ್ಲಿ

ಇವತ್ತು ನಡೆದ ಅನಾಹುತಗಳು ಹೀಗಿವೆ.

ಬೆಳಿಗ್ಗೆ ಕಾಡು ಹೊಕ್ಕು ಅರ್ಧ ಗಂಟೆಯಲ್ಲಿ ಜಲೀಪಾಳ ಬೂಟಿನ ಅಟ್ಟೆ ಕಿತ್ತುಬಂತು. ಮೊಯ್ ಫಾ ಸಂಭ್ರಮದಿಂದ ಸುತ್ತಿಗೆ ತೆಗೆದಳು. ಆಮೇಲೆ ದಾರಿ ಒಂದು ಜೌಗಿನಲ್ಲಿ ಮುಳುಗಿತ್ತು, ನಿಪಾ ಬೇರುಗಳ ಮೇಲೆ ಕಾಲಿಡುತ್ತಾ ನಡೆದೆವು, ಮೊಯ್ ಫಾ ಸೊಂಟದವರೆಗೆ ಕೆಸರಿಗೆ ಹೋದಳು. ಹಗ್ಗ ಅವಳ ಚೀಲದಲ್ಲಿ, ಚೀಲ ಅವಳ ಬೆನ್ನಿನಲ್ಲಿ. ನಾವಿಬ್ಬರು ಅವಳ ಕೈ ಹಿಡಿದೆಳೆದೆವು. ಒಂದು ಜಿಗಣೆ ಅವಳ ಕಿವಿಯ ಹಿಂದೆ ಓಲೆಯಂತೆ ತೂಗುತ್ತಿತ್ತು.

ಒಂದೊಂದು ಅನಾಹುತ ಆದಾಗಲೂ ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ಬೂಟು ಹಳೆಯದು ಎಂದೆ, ಕಡಲು ಉಬ್ಬಿದಾಗ ಜೌಗು ಏರುವುದು ಸಹಜ ಎಂದೆ, ಜಿಗಣೆಗೆ ಬಿಸಿರಕ್ತದ ಜಾಡು ಸಿಗುತ್ತದೆ ಎಂದೆ.

"ಹೌದು ಟೀಚರಮ್ಮ, ನಿನ್ನ ರಕ್ತ ಮಾತ್ರ ತಣ್ಣಗಿದೆ ಅಲ್ವಾ. ನಿನಗೊಂದೂ ಹತ್ಲಿಲ್ಲ" ಎಂದಳು ಮೊಯ್ ಫಾ.

ಮಧ್ಯಾಹ್ನ ಕೊಲ್ಲಿಯ ದಂಡೆಗೆ ಇಳಿದೆವು. ಬಿಳಿ ಮರಳು, ತೆಂಗಿನ ಮರದಷ್ಟು ಎತ್ತರದ ಕರಿಬಂಡೆ, ಒಬ್ಬ ನರಮನುಷ್ಯನೂ ಇಲ್ಲ. ಮೂವರೂ ಎದೆಯ ಮಟ್ಟಕ್ಕೆ ಸುತ್ತಿದ ಲುಂಗಿಯಲ್ಲೇ ನೀರಿಗೆ ಬಿದ್ದು ಹಾಸ್ಟೆಲಿನ ಹುಡುಗಿಯರಂತೆ ಕಿರುಚಿದೆವು. ಆ ಅರ್ಧ ಗಂಟೆ ಜಲೀಪಾ ಕಚೇರಿಯ ಪತ್ರ ಮರೆತಿದ್ದಳು, ನನ್ನ ತಲೆಯನ್ನು ನೀರಿಗೆ ಅದ್ದಿ ನಕ್ಕಳು.

ದಂಡೆಗೆ ಬಂದು ನೋಡಿದರೆ ಕೋತಿಗಳ ಸಭೆ. ಮೂರು ಚೀಲಗಳಲ್ಲಿ ಅವು ಬಿಚ್ಚಿದ್ದು ನನ್ನದೊಂದನ್ನೇ. ಓಟ್ಸ್ ಬಿಸ್ಕತ್ತಿನ ನಾಲ್ಕೂ ಪೊಟ್ಟಣ ಹರಿದು, ಹಿರಿಯ ಕೋತಿ ಒಂದನ್ನು ಕಚ್ಚಿ, ಮುಖ ಹಿಂಡಿ, ಉಗಿದು, ಮಿಕ್ಕದ್ದನ್ನು ಅಲೆಗೆ ಎಸೆಯಿತು. ಉಳಿದ ಕೋತಿಗಳೂ ಅದನ್ನೇ ಅನುಸರಿಸಿದವು. ನನ್ನ ರಕ್ಷಣೆ ಸಮುದ್ರದ ಪಾಲಾಯಿತು.

ಜಲೀಪಾ ಡಬ್ಬಿ ತೆಗೆದು ಒಂದು ಹೋಳು ಕೇಕು ಕೊಯ್ದು ಬಾಳೆಎಲೆಯ ಮೇಲೆ ನನ್ನ ಮುಂದಿಟ್ಟಳು. ಹಸಿರು, ಕೆಂಪು, ಬಿಳಿ ಪದರ, ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ. ನಾನು ಹಲ್ಲುನೋವು ಎಂದೆ. ಯಾವ ಹಲ್ಲು ಎಂದು ಮೊಯ್ ಫಾ ಕೇಳಿದಳು. ಬಲಗಡೆಯದು ಎಂದೆ. ಮದುವೆಯಲ್ಲಿ ಎಡಗಡೆಯದು ನೋಯುತ್ತಿತ್ತಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಎರಡೂ ಕೆನ್ನೆ ಮುಟ್ಟಿಕೊಂಡೆ.

ಮೊಯ್ ಫಾ ತನ್ನ ಪಾಲಿನ ಹೋಳಿಗೆ ಬೆರಳು ಒತ್ತಿ ತುಟಿಗೆ ಮುಟ್ಟಿಸಿ, ನಡೆದು ಹೊಟ್ಟೆ ಭಾರವಾಗಿದೆ, ಆಮೇಲೆ ತಿನ್ನುತ್ತೇನೆ ಎಂದು ಎಲೆಯಲ್ಲಿ ಸುತ್ತಿಟ್ಟಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ನನ್ನ ಹೋಳನ್ನು ಜಲೀಪಾ ಡಬ್ಬಿಗೆ ವಾಪಸು ಇಡುವಾಗ ಅದರ ಮೂಲೆ ಮುರಿಯಿತು. ಅದನ್ನು ಜೋಡಿಸಿ ಇಟ್ಟಳು.

ಜುಲೈ ೧೦, ಗುರುವಾರ

ಮಳೆ. ದಿನವಿಡೀ ಟಾರ್ಪಾಲಿನ ಅಡಿಯಲ್ಲಿ ಮೂವರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಜಗಳವಾಡಿದವರಿಗೆ ಇದಕ್ಕಿಂತ ಚಿಕ್ಕ ಮನೆ ಇಲ್ಲ.

ಕುಡಿಯುವುದಕ್ಕೆ ಇದ್ದದ್ದು ಸಕ್ಕರೆ, ಹಾಲು ಎಲ್ಲ ಬೆರೆತ ಕಾಫಿಪುಡಿಯ ಪೊಟ್ಟಣ. ಜಲೀಪಾ ಮೂರು ಲೋಟ ಮಾಡಿದಳು. ನನ್ನದು ಬೇಡ ಎಂದೆ. ಕಾಫಿಗೆ ಯಾವ ಹಲ್ಲು ಬೇಕು ಎಂದು ಮೊಯ್ ಫಾ ಕೇಳಿದಳು. ನಾನು ಉತ್ತರ ಹುಡುಕುತ್ತಿದ್ದಾಗ ಜಲೀಪಾ ಲೋಟವನ್ನು ಮಳೆಗೆ ಚೆಲ್ಲಿದಳು. ಆಮೇಲೆ ಅವಳು ಆಡಿದ ಮಾತನ್ನು ಇದ್ದದ್ದು ಇದ್ದಂತೆ ಬರೆದಿಡುತ್ತೇನೆ.

"ಲುಲೊಂಗ್, ಹಂದಿ ಬೇಯೋ ನಿನ್ನ ಅಡುಗೆಮನೇಲಿ ನನಗೋಸ್ಕರ ಬೇರೆ ಬಾಣಲೆ ಇಟ್ಟವಳು ನೀನು. ಮೂವತ್ತು ವರ್ಷ ಆಯ್ತು. ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದೆ. ನಿನ್ನ ಗಂಡ ಮುಟ್ಟಿದ್ರೂ ಬೈತಿದ್ದೆ. ಅಂಥವಳು ಈಗ ನನ್ನ ಡಬ್ಬಿ ಕಂಡ್ರೆ ಮುಖ ತಿರುಗಿಸ್ತೀಯ. ನನ್ನ ಮಗಳ ಮದುವೆ ಊಟಾನೂ ಮುಟ್ಲಿಲ್ಲ. ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಹೇಳು."

ಹೇಳಬಹುದಿತ್ತು. ಒಂದೇ ಒಂದು ಮಾತು. ಬಾಯಿ ತೆರೆದೆ, ಅವ್ವನ ಕಾಲು ಕಣ್ಣ ಮುಂದೆ ಬಂತು. ಇವಳೂ ಅವ್ವನನ್ನು ನೋಡಲು ಬಂದಿದ್ದಳು, ಇವಳೂ ಮೊದಲು ಕಾಲನ್ನೇ ನೋಡಿದ್ದಳು. ಹಲ್ಲು ಎಂದೆ.

"ಸರಿ. ಲೈಟ್‌ಹೌಸ್ ತನಕ ಒಟ್ಟಿಗೆ ಹೋಗೋಣ, ಆಣೆ ಇಟ್ಟಿದ್ದೀವಿ. ಆಮೇಲೆ ನಿನ್ನ ದಾರಿ ನಿನಗೆ. ಆ ಬಾಣಲೆ ಯಾರಿಗಾದ್ರೂ ಕೊಟ್ಬಿಡು."

ಆಮೇಲೆ ನನ್ನತ್ತ ಬೆನ್ನು ಮಾಡಿ ಕೂತಳು. ಟಾರ್ಪಾಲಿನ ಅಡಿಯಲ್ಲಿ ಬೆನ್ನು ತಿರುಗಿಸುವುದಕ್ಕೂ ಜಾಗ ಸಾಲದು, ಅವಳ ಬೆನ್ನು ನನ್ನ ಭುಜಕ್ಕೇ ಒರಗಿತ್ತು. ಹೊತ್ತು ಮುಳುಗುವವರೆಗೂ ಒರಗಿಯೇ ಇತ್ತು.

ಊಟ: ನೆನಪಿಲ್ಲ. ಆ ಬಾಣಲೆಯನ್ನು ಯಾರಿಗೆ ಕೊಡಲಿ. ಅದರಲ್ಲಿ ಬೇರೆ ಯಾರೂ ಅಡುಗೆ ಮಾಡಿಯೇ ಇಲ್ಲ.

ಜುಲೈ ೧೧, ಶುಕ್ರವಾರ. ದಾರಿಯಲ್ಲಿ, ಬಂಡೆಯ ಮೇಲೆ

ಬೆಳಿಗ್ಗೆ ಮಾತ್ರೆ ನುಂಗಿದೆ. ಜಲೀಪಾ ಹುರಿದ ಅನ್ನ ಮಾಡಿದ್ದಳು. ಕರೆಯಲಿಲ್ಲ. ಕರೆಯದ ಊಟಕ್ಕೆ ಕೂರುವವಳು ನಾನಲ್ಲ. ಮುಂದೆ ನಡೆದುಬಿಟ್ಟೆ.

ಏರು ಬಹಳ ಇತ್ತು, ಈಗ ಮತ್ತೆ ದಂಡೆಗೆ ಇಳಿದಿದ್ದೇನೆ. ಕೈ ನಡುಗುತ್ತಿದೆ, ಬಿಸಿಲಿಗೆ ಇರಬೇಕು. ಅಕ್ಷರ ನೋಡಿದರೆ ಎಂಟನೇ ಬಿ ತರಗತಿಯವರ ಹಾಗಿದೆ. ಬೆವರು ತಣ್ಣಗೆ. ದೀಪಸ್ತಂಭ ಕಾಣುತ್ತಿದೆ. ಎರಡು ಇವೆ. ನಕಾಶೆಯಲ್ಲಿ ಒಂದೇ ಇತ್ತಲ್ಲ.

ಜುಲೈ ೧೨, ಶನಿವಾರ. ದೀಪಸ್ತಂಭ

ಒಂದೇ ಇದೆ.

ನಿನ್ನೆಯ ಕಥೆಯಲ್ಲಿ ಅರ್ಧ ನನ್ನದು, ಅರ್ಧ ಅವರಿಬ್ಬರ ಬಾಯಿಂದ ಕೇಳಿದ್ದು. ಅವರು ನನ್ನ ಹಿಂದಿನಿಂದ ಬಂಡೆಯ ಹತ್ತಿರ ಬಂದಾಗ ನಾನು ಎದ್ದು ನಿಂತು, "ಎಂಟನೇ ಬಿ, ಸಾಲಲ್ಲಿ ನಿಲ್ಲಿ, ಎಲ್ಲಿ ನಿಮ್ಮ ಹೋಂವರ್ಕು" ಎಂದೆನಂತೆ. ಮೊಯ್ ಫಾ ನಕ್ಕಳಂತೆ. ತಮಾಷೆ ಎಂದುಕೊಂಡು ಸಾಲಲ್ಲೂ ನಿಂತಳಂತೆ. ಆಮೇಲೆ ನಾನು ಮರಳಿನ ಮೇಲೆ ಕುಸಿದು ಕೂತು, ಬಾಯಿ ಸೊಟ್ಟಗಾಗಿ, ಮೈಯೆಲ್ಲ ತೊಯ್ದು, ಅವ್ವನನ್ನು ಕರೆಯತೊಡಗಿದೆನಂತೆ.

ಜಲೀಪಾ ಒಂದು ಕ್ಷಣವೂ ಯೋಚಿಸಲಿಲ್ಲ. ಪುನಿ ಹಿಡಿದಿದೆ ಎಂದಳಂತೆ. ಚೀಲ ಬುಡಮೇಲು ಮಾಡಿ ಡಬ್ಬಿ ತೆಗೆದು, ಆ ಮೂಲೆ ಮುರಿದ ಹೋಳನ್ನೇ ಪುಡಿ ಮಾಡಿ ನನ್ನ ಬಾಯಿಗೆ ತುರುಕಿದಳು. ಮೊಯ್ ಫಾ ನನ್ನ ಕೆನ್ನೆ ಹಿಡಿದಿದ್ದಳು. ನಾನು ಅವಳ ಬೆರಳು ಕಚ್ಚಿದೆನಂತೆ, ಇವತ್ತು ನೋಡಿದೆ, ಹಲ್ಲಿನ ಗುರುತು ಇದೆ. ಎಡ, ಬಲ ಎರಡೂ ಕಡೆಯ ಹಲ್ಲು ಚೆನ್ನಾಗಿಯೇ ಇವೆ ಎಂದು ಮೊಯ್ ಫಾ ಅದನ್ನು ಜಲೀಪಾಳಿಗೆ ಸಾಕ್ಷಿಯಾಗಿ ತೋರಿಸಿದಳು.

ನನಗೆ ಮೊದಲು ತಿಳಿದದ್ದು ರುಚಿ. ಬೆಣ್ಣೆ, ಏಲಕ್ಕಿ, ಸುಟ್ಟ ಸಕ್ಕರೆ. ಎರಡು ತಿಂಗಳಿಂದ ಬಾಯಿಗೆ ಬಾರದ ರುಚಿ. ಆಮೇಲೆ ಸಮುದ್ರ ಕೇಳಿಸಿತು, ಆಮೇಲೆ ಜಲೀಪಾಳ ಮುಖ ಕಂಡಿತು. ಕಾಲು ಗಂಟೆಯಲ್ಲಿ ಕೈ ನಡುಕ ನಿಂತಿತು.

"ನೋಡು," ಎಂದಳು ಜಲೀಪಾ, "ಬೇಡ ಅಂದ ಕೇಕು ಮುಟ್ಟಿದ್ಮೇಲೆ ಬಿಡ್ತು. ಇನ್ನಾದ್ರೂ ಒಪ್ಕೋ."

ಅದು ಪುನಿ ಅಲ್ಲ ಎಂದೆ. ಮಾತ್ರೆ ನುಂಗಿ ಊಟ ಮಾಡದೆ ಬೆಟ್ಟ ಹತ್ತಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಸಕ್ಕರೆ ಬಾಯಿಗೆ ಬಿದ್ದರೆ ಏರುತ್ತದೆ, ಇಷ್ಟೇ ಎಂದೆ. ಅಂದ ಮೇಲೆ ಮೂವರಿಗೂ ಅರ್ಥವಾಯಿತು, ನಾನು ಏನು ಹೇಳಿಬಿಟ್ಟೆ ಎಂದು.

ಯಾವ ಮಾತ್ರೆ ಎಂದು ಜಲೀಪಾ ಕೇಳಿದಳು. ಮುಲಾಮಿನ ಡಬ್ಬಿ ಕೊಟ್ಟೆ. ಅವಳು ತೆರೆದು ನೋಡಿದಳು, ಮುಚ್ಚಿದಳು. ಆಮೇಲೆ ನನ್ನ ಬೂಟಿನ ದಾರ ಬಿಚ್ಚಿ, ಕಾಲುಚೀಲ ಎಳೆದು, ಎರಡೂ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬೆರಳಾಗಿ ನೋಡಿದಳು. ಅವ್ವನ ಕಾಲನ್ನು ಜನ ನೋಡಿದ್ದು ಹೀಗಲ್ಲ. ಒಂದು ಬೊಬ್ಬೆ ಇತ್ತು, ಅದಕ್ಕೆ ಪಟ್ಟಿ ಹಚ್ಚಿದಳು. ಆಮೇಲೆ ಬೈಯಲು ಶುರು ಮಾಡಿದಳು.

"ನಲವತ್ತು ವರ್ಷ ಒಂದೇ ತಟ್ಟೇಲಿ ಉಂಡಿದ್ದೀವಿ. ನನಗೆ ಹೇಳೋದಕ್ಕೆ ಬಾಯಿರ್ಲಿಲ್ವಾ ನಿನಗೆ? ನನ್ನ ಕೈ ಅಡುಗೆ ನಿನಗೆ ಹೇಸಿಗೆ ಆಯ್ತು ಅಂದ್ಕೊಂಡು ಒಂದೂವರೆ ತಿಂಗಳು ನಿದ್ದೆ ಬಂದಿಲ್ಲ ಕಣೇ ನನಗೆ."

ಅವಳು ಅತ್ತಳು. ನಾನೂ ಅತ್ತೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಕಡಲ ದಂಡೆಯಲ್ಲಿ ಕಾಲುಚೀಲ ಇಲ್ಲದೆ ಕೂತು ಗೊಳೋ ಎಂದು ಅತ್ತೆ. ಸುಳ್ಳು ಯಾಕೆ ಬರೆಯಲಿ.

ಮೊಯ್ ಫಾ ತನ್ನ ಚೀಲದಿಂದ ಮೊಳೆಯ ಡಬ್ಬಿ ತೆಗೆದು ನನ್ನ ಮುಲಾಮಿನ ಡಬ್ಬಿಯ ಪಕ್ಕದಲ್ಲಿ ಇಟ್ಟಳು. ಮುಚ್ಚಳ ತೆಗೆದಳು. ಅದೇ ಬಿಳಿ ಮಾತ್ರೆ.

"ನನಗೆ ಆರು ವರ್ಷ ಆಯ್ತು" ಎಂದಳು.

ಆರು ವರ್ಷದಿಂದ ಯಾರೂ ಕೇಳಲಿಲ್ಲವೇ ಎಂದೆ.

"ಯಾರು ಕೇಳ್ತಾರೆ? ಬೆರಳು ಅದ್ದಿ ತುಟಿಗೆ ಮುಟ್ಟಿಸ್ತೀನಿ, ಆಹಾ ಅಂತೀನಿ. ಪುನಿ ತಪ್ತು, ಕೊಟ್ಟವರಿಗೆ ಸಮಾಧಾನ, ಸಕ್ಕರೆನೂ ಒಳಗೆ ಹೋಗ್ಲಿಲ್ಲ. ಮುಟ್ಟಿದ್ರೆ ಸಾಕು ಅಂತ ಹಿಂದಿನವರು ಸುಮ್ನೆ ಮಾಡಿಟ್ರು ಅಂದ್ಕೊಂಡ್ಯಾ? ಎಲ್ರ ಹೊಟ್ಟೆನೂ ಒಂದೇ ಥರ ಇರಲ್ಲ, ಎಲ್ರೂ ಬಾಯಿಬಿಟ್ಟು ಹೇಳಕ್ಕಾಗಲ್ಲ ಅಂತ ಅವರಿಗೆ ಗೊತ್ತಿತ್ತು. ನಿನಗೊಬ್ಬಳಿಗೇ ಗೊತ್ತಿಲ್ಲದ್ದು, ಟೀಚರಮ್ಮ."

ಜಲೀಪಾ ಕಣ್ಣೊರೆಸಿಕೊಂಡು ನಿಧಾನವಾಗಿ ಮೊಯ್ ಫಾಳ ಕಡೆ ತಿರುಗಿದಳು. "ಹಾಗಾದ್ರೆ ಪ್ರತಿ ಹಬ್ಬಕ್ಕೂ ನಾನು ಕಳಿಸಿದ ಕೇಕು?"

ಲಾರಿ ಡ್ರೈವರಿಗೆ ಎಂದಳು ಮೊಯ್ ಫಾ. ಪಾಪ, ಅವನು ವರ್ಷಪೂರ್ತಿ ಕಾಯುತ್ತಾನಂತೆ.

ವರ್ಷಕ್ಕೆ ಎರಡು ಹಬ್ಬ, ಆರು ವರ್ಷ, ಹನ್ನೆರಡು ಕೇಕು, ಇನ್ನೂರ ಹದಿನಾರು ಪದರ ಎಂದು ಜಲೀಪಾ ಅಲ್ಲೇ ಬಾಯಿಲೆಕ್ಕ ಹಾಕಿದಳು. ಆಮೇಲೆ ಮೊಯ್ ಫಾಳ ಜೊತೆ ಮಾತು ಬಿಟ್ಟಳು. ಸುಮಾರು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನನ್ನ ಜೊತೆ ಮಾತ್ರ ಆಡಿದಳು, ನನಗೆ ಒಳಗೊಳಗೇ ಹಿತವಾಗಿತ್ತು.

ಇವತ್ತು ಹನ್ನೆರಡಕ್ಕೆ ದೀಪಸ್ತಂಭ ಮುಟ್ಟಿದೆವು. ನಕಾಶೆ ನೋಡಿ ಅಂದುಕೊಂಡಷ್ಟು ದೊಡ್ಡದಲ್ಲ. ಬಣ್ಣ ಎದ್ದಿದೆ, ಬಾಗಿಲಿಗೆ ಹಾಕಿದ್ದ ಸರಪಳಿಗೆ ಬೀಗವೇ ಇಲ್ಲ. ಮೊಯ್ ಫಾ ಇಡೀ ಜೀವಮಾನ ಈ ಗಳಿಗೆಗೇ ಕಾಯುತ್ತಿದ್ದವಳಂತೆ ತನ್ನ ಬೀಗ ತೆಗೆದು ಸರಪಳಿಗೆ ಜಡಿದಳು. ಬೀಗದಕೈ ಎಲ್ಲಿ ಎಂದು ಕೇಳಿದೆ. ಅಂಗಡಿಯಲ್ಲಿ ಎಂದಳು. ಒಳಗೆ ಯಾರೂ ಇಲ್ಲವೆಂದು ಮೂವರೂ ಕೂಗಿ ಖಾತ್ರಿ ಮಾಡಿಕೊಂಡು, ಸಡಿಲವಾಗಿದ್ದ ಸರಪಳಿಯನ್ನು ಬೀಗದ ಸಮೇತ ಬಾಗಿಲಿನ ಹಿಡಿಯಿಂದ ನುಣುಚಿಸಿ ಬಾಗಿಲು ಮೊದಲಿನಂತೆಯೇ ತೆರೆಯುವ ಹಾಗೆ ಮಾಡಿದೆವು.

ಜಲೀಪಾ ಫೋನಿನಲ್ಲಿ ಅಲಾರಾಂ ಇಟ್ಟಿದ್ದಾಳೆ, ದಿನಕ್ಕೆ ಮೂರು, ನನ್ನ ಊಟಕ್ಕೆ. ಪುನಿಯೋ ಸಕ್ಕರೆಯೋ ಎಂಬ ವಾದ ದಾರಿಯುದ್ದಕ್ಕೂ ನಡೆಯಿತು. ಮರಳಿನ ಮೇಲೆ ಕಡ್ಡಿಯಿಂದ ನಕ್ಷೆ ಬರೆದು, ಸಕ್ಕರೆ ಇಳಿಯುವುದು, ಏರುವುದು ಎಲ್ಲ ತೋರಿಸಿದೆ. ಮೊಯ್ ಫಾ ಗಮನವಿಟ್ಟು ನೋಡಿ, ಅದನ್ನೇ ಅಲ್ಲವೇ ನಾವು ಪುನಿ ಅನ್ನುವುದು ಎಂದಳು. ಅಲೆ ಬಂದು ನಕ್ಷೆ ಅಳಿಸಿತು.

ಊಟ: ಅನ್ನ, ಒಣಮೀನು, ಕಾಡುಜರಿಯ ಚಿಗುರು, ಹನ್ನೆರಡೂವರೆಗೆ ಸರಿಯಾಗಿ, ದೀಪಸ್ತಂಭದ ನೆರಳಿನಲ್ಲಿ, ಜಲೀಪಾ ಎಡಕ್ಕೆ, ಮೊಯ್ ಫಾ ಬಲಕ್ಕೆ.

ಜುಲೈ ೧೩, ಭಾನುವಾರ. ತೆಲೊಕ್ ಬೆಲಿಯಾಂಗ್

ದೋಣಿಯಲ್ಲಿ ವಾಪಸು ಬಂದೆವು. ಮೂರು ದಿನ ನಡೆದದ್ದು ಎರಡು ಗಂಟೆಯಲ್ಲಿ ಮುಗಿಯಿತು, ಯಾಕೋ ಅವಮಾನವಾದಂತಾಯಿತು.

ಮಕ್ ಸು ಅಂಗಳದಲ್ಲೇ ಇದ್ದಳು, ಬಾಣಲೆ ಕುದಿಯುತ್ತಿತ್ತು. ನಾನೇ ಹೋಗಿ ಎದುರು ನಿಂತೆ. ಅವಳು ಸೌಟು ಎತ್ತಿದಳು. ಆರಲು ಬಿಟ್ಟು, ಕಿರುಬೆರಳ ತುದಿ ಅದ್ದಿ, ತುಟಿಗೆ ಮುಟ್ಟಿಸಿದೆ. ಬೆರಳು ಅಲ್ಲಿಗೇ ನಿಂತಿತು. ಆ ಬೆರಳಿನ ಬಗ್ಗೆ ನಾನು ತಪ್ಪು ತಿಳಿದಿದ್ದೆ.

"ಹಾಂ, ಈಗ ಹೋಗಿ ಬಾ ಮಗಳೇ" ಎಂದಳು ಮಕ್ ಸು. ಯಾಕೆ ತಿನ್ನಲಿಲ್ಲ ಎಂದು ಕೇಳಲಿಲ್ಲ.

ಜುಲೈ ೨೦, ಭಾನುವಾರ. ಕುಚಿಂಗ್

ಈ ಪುಸ್ತಕವನ್ನು ಆ ಹುಡುಗಿಗೆ ತೋರಿಸುವಂತಿಲ್ಲ. ಬೇರೊಂದು ಕೊಂಡು ಊಟದ ಪಟ್ಟಿ ಮಾತ್ರ ನಕಲು ಮಾಡಬೇಕು. ಮಿಠಾಯಿಯ ವಿಷಯದಲ್ಲಿ ಅವಳು ಹೇಳಿದ್ದು ಸರಿ ಎಂದೂ ಹೇಳಬೇಕು. ಎರಡು ಜೇಬಿನಲ್ಲಿ ಎರಡೆರಡು ಇವೆ. ಬಸ್ಸಿನಲ್ಲಿ ಪಕ್ಕದವಳು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಚಾಚಿದಳು, ಮುಟ್ಟಿದೆ. ಸುಮ್ಮನೆ, ಮರ್ಯಾದೆಗೆ.

ಮಧ್ಯಾಹ್ನ ಜಲೀಪಾ ಬಂದಳು, ಹಿಂದೆಯೇ ಮೊಯ್ ಫಾ. ನಾನು ಕೆಂಪು ದಾರದ ಬಾಣಲೆಯಲ್ಲಿ ಮೀನು ಹುರಿದಿದ್ದೆ. ಜಲೀಪಾ ಬಾಣಲೆ ನೋಡಿದಳು. ಚೀಲದಿಂದ ಒಂದು ಹೊಸ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಚಿಕ್ಕದು. ಅದರ ಹಿಡಿಗೂ ಕೆಂಪು ದಾರ.

"ಇದು ನಿಮ್ಮಿಬ್ಬರದ್ದೇ ಡಬ್ಬಿ. ಸಕ್ಕರೆ ಸೋಕಿಸಿಲ್ಲ. ಚಮಚ, ಬಟ್ಟಲು, ಎಲ್ಲ ಬೇರೆ ಇಟ್ಟಿದ್ದೀನಿ. ನನ್ನ ಗಂಡ ಮುಟ್ಟಿದ್ರೂ ಬೈತೀನಿ."

ಒಳಗೆ ಪದರದ ಕೇಕು. ಸಕ್ಕರೆ ಇಲ್ಲದೆ, ಬೇಳೆ ಹಿಟ್ಟು ಹಾಕಿ, ಮೂರು ಸಲ ಕೆಟ್ಟು ನಾಲ್ಕನೇ ಸಲ ಬಂದದ್ದಂತೆ. ಹದಿನೆಂಟು ಪದರವೂ ಒಂದೇ ಬಣ್ಣ, ಸಿಮೆಂಟಿನದು. ಮೊಯ್ ಫಾ ಎಂದಿನಂತೆ ಬೆರಳು ಒತ್ತಿ, ತುಟಿಗೆ ಮುಟ್ಟಿಸಿ, ಆಹಾ ಎಂದು ಕಣ್ಣು ಮುಚ್ಚಿ, ಕೂಡಲೇ ತೆರೆದಳು. ಆಮೇಲೆ ಬಿಸಿನೀರು ಕುಡಿದಳು.

ನಾನು ಒಂದು ತುಂಡು ಕಚ್ಚಿದೆ. ನಾನು ಬಲ್ಲ ಹಿರಿಯ ಕೋತಿ ಇದನ್ನು ಕಂಡಿದ್ದರೆ ನನ್ನ ಓಟ್ಸ್ ಬಿಸ್ಕತ್ತಿನ ಕ್ಷಮೆ ಕೇಳುತ್ತಿತ್ತು. ಜಲೀಪಾ ಎದುರು ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮುಟ್ಟಿದರೆ ಸಾಕಿತ್ತು. ಪೂರ್ತಿ ತಿಂದೆ. ಇನ್ನೊಂದು ಹೋಳು ಕೇಳಿ ಹಾಕಿಸಿಕೊಂಡೆ.